ಅಮ್ಮ ಎಲ್ಲಿರಬೇಕು ಎಂಬ ಜಗಳಕ್ಕೆ ನಾವು ಹಾಕಿಕೊಂಡ ಕಟ್ಟಳೆಗಳು

ಒಬ್ಬರೇ ಇದ್ದ ಮನೆಯಲ್ಲಿ ಅಮ್ಮ ರಾತ್ರಿ ಹೊತ್ತು ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದಾಗ, ಮುಂದೆ ಅವರು ಎಲ್ಲಿರಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಒಂದು ಉತ್ತರವಿತ್ತು, ತಮ್ಮನ ಬಳಿ ಇನ್ನೊಂದಿತ್ತು. ಆ ಮನೆಗೆ ಬೀಗ ಹಾಕಿ ಅವರು ನಮ್ಮಿಬ್ಬರಲ್ಲಿ ಒಬ್ಬರ ಜೊತೆ ಬಂದಿರಬೇಕು ಎಂಬುದು ನನ್ನ ವಾದ. ಅವರು ತಮ್ಮ ಮನೆಯಲ್ಲೇ ಇರಲಿ, ಜೊತೆಗಿರಲು ಸಹಾಯಕಿಯೊಬ್ಬರನ್ನು ಗೊತ್ತುಮಾಡೋಣ ಎಂಬುದು ಅವನ ವಾದ. ಎರಡೂ ತೆಗೆದುಹಾಕುವಂಥ ಮಾತುಗಳಲ್ಲ. ಬೇರೆ ಯಾರದೋ ಮನೆಯ ವಿಷಯವಾಗಿದ್ದರೆ ನಾನು ಎರಡನ್ನೂ ಸಮಾಧಾನದಿಂದ ತೂಗಿ ನೋಡುತ್ತಿದ್ದೆ. ಆದರೆ ನಮ್ಮ ನಡುವೆ ಆ ವಿಷಯ ಬಂದಾಗಲೆಲ್ಲ ಹತ್ತು ಮಾತು ಮುಗಿಯುವುದರೊಳಗೆ ಅಮ್ಮನ ಸೊಂಟ ಮರೆತುಹೋಗಿ, ಯಾರು ಯಾವಾಗ ಬಂದರು, ಯಾರು ಬರಲಿಲ್ಲ, ಅಪ್ಪನ ಕೊನೆಗಾಲದಲ್ಲಿ ಯಾರು ಎಲ್ಲಿದ್ದರು ಎಂಬ ಹಳೆಯ ಲೆಕ್ಕಗಳು ಮೇಲೆದ್ದು ಬರುತ್ತಿದ್ದವು. ನಾನು ದನಿ ಏರಿಸುತ್ತಿದ್ದೆ, ಅವನು ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮಾತು ಬಲ್ಲವರಿಗೆ ಜಗಳವಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಕಂಡಂತೆ ಮಾತು ಬಲ್ಲವರ ಜಗಳವೇ ಹೆಚ್ಚು ಕಾಲ ನಡೆಯುತ್ತದೆ.

ಕುಟುಂಬ ಸಲಹೆಗಾರರಾಗಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರ ಬಳಿ ಹೋಗೋಣ ಎಂದು ಸೂಚಿಸಿದವನು ತಮ್ಮ. ಅವರು ನಮ್ಮಿಬ್ಬರ ಮಾತನ್ನೂ ಕೇಳಿ ನನ್ನ ಪರವಾಗಿ ತೀರ್ಪು ಕೊಡುತ್ತಾರೆ ಎಂಬ ಭರವಸೆಯಿಂದ ನಾನು ಒಪ್ಪಿದೆ. ಅವನೂ ಅದೇ ಭರವಸೆಯಿಂದ ಅವರನ್ನು ಹುಡುಕಿದ್ದನೆಂದು ಆಮೇಲೆ ತಿಳಿಯಿತು. ಅವರು ಇಬ್ಬರನ್ನೂ ನಿರಾಸೆಗೊಳಿಸಿದರು. ಅಮ್ಮ ಎಲ್ಲಿರಬೇಕು ಎಂಬುದರ ಬಗ್ಗೆ ತಮಗೆ ಯಾವ ಅಭಿಪ್ರಾಯವೂ ಇಲ್ಲ, ಇದ್ದರೂ ಹೇಳುವುದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು. ಮೊದಲ ಸಲ ಕುಳಿತಾಗ ಆ ವಿಷಯವನ್ನು ಎತ್ತಲೂ ಬಿಡಲಿಲ್ಲ.

ಅದರ ಬದಲು ಅವರು ಕೇಳಿದ ಪ್ರಶ್ನೆ ಇದು: ಎದುರಿನವರು ಏನು ಮಾಡಿದ ಮೇಲೆ ನಿಮಗೆ ಮುಂದಿನ ಮಾತು ಕಿವಿಗೆ ಹೋಗುವುದಿಲ್ಲ? ತಮ್ಮ ಸ್ವಲ್ಪ ಹೊತ್ತು ಯೋಚಿಸಿ, ಅಕ್ಕ ಹಳೆಯ ಸಂಗತಿಯೊಂದನ್ನು ಎಳೆದು ತಂದ ಕೂಡಲೇ ತಾನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತೇನೆ ಎಂದ. ಅವನು ಸುಮ್ಮನಾದಷ್ಟೂ ನನಗೆ ಸಿಟ್ಟು ಏರುತ್ತದೆ, ಏಕೆಂದರೆ ಆ ಮೌನ ಒಪ್ಪಿಗೆಯೋ ತಿರಸ್ಕಾರವೋ ತಿಳಿಯುವುದಿಲ್ಲ ಎಂದು ನಾನು ಹೇಳಿದೆ. ಈ ಎರಡು ಉತ್ತರಗಳಿಂದಲೇ ಅಂದಿನ ಕಟ್ಟಳೆಗಳು ಹುಟ್ಟಿದವು. ಒಂದು ಸಲಕ್ಕೆ ಒಂದೇ ವಿಷಯ; ಅಮ್ಮ ಬಿದ್ದ ದಿನಕ್ಕಿಂತ ಹಿಂದಿನ ಯಾವುದನ್ನೂ ಇನ್ನೊಬ್ಬರ ಅನುಮತಿ ಕೇಳದೆ ತರುವಂತಿಲ್ಲ; ಯಾರು ಬೇಕಾದರೂ ಮಾತುಕತೆಯನ್ನು ನಿಲ್ಲಿಸಬಹುದು, ಆದರೆ ನಿಲ್ಲಿಸಿದವರೇ ಮತ್ತೆ ಯಾವಾಗ ಮುಂದುವರಿಸುವುದೆಂದು ಆಗಲೇ ಹೇಳಬೇಕು; ನಿರ್ಧಾರವಾದಂತೆ ಕಂಡರೂ ಅದೇ ದಿನ ಅದನ್ನು ಅಂತಿಮವೆಂದು ಭಾವಿಸುವಂತಿಲ್ಲ. ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಒಡಹುಟ್ಟಿದವರು ಮಾತನಾಡಲು ಸಹಿ ಮಾಡಿದ ಕಾಗದ ಬೇಕೇ ಎಂದು ನನಗೆ ಆಗ ನಾಚಿಕೆಯಾಗಿತ್ತು. ಈಗ ಹಾಗೆ ಅನಿಸುವುದಿಲ್ಲ. ಎಲ್ಲಿರಬೇಕು ಎಂಬುದನ್ನು ಒಪ್ಪಿಕೊಳ್ಳುವ ಮೊದಲು ಹೇಗೆ ಒಪ್ಪದೇ ಇರಬೇಕು ಎಂಬುದನ್ನು ಒಪ್ಪಿಕೊಂಡೆವು. ನಮ್ಮ ನಡುವೆ ಹಲವು ತಿಂಗಳಲ್ಲಿ ಮೂಡಿದ ಮೊದಲ ಸಹಮತ ಅದಾಗಿತ್ತು.

ಮಾತನ್ನು ಆರಂಭಿಸುವ ವಾಕ್ಯದ ಬಗ್ಗೆ ಸಲಹೆಗಾರರು ಬಹಳ ಹಠ ಹಿಡಿದರು. ಸಿಬಿಲ್ ಕ್ಯಾರೆರ್ ಮತ್ತು ಜಾನ್ ಗಾಟ್‌ಮನ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಅವರು ಪ್ರಸ್ತಾಪಿಸಿದರು. ಹೊಸದಾಗಿ ಮದುವೆಯಾದ 124 ಜೋಡಿಗಳು ತಮ್ಮ ನಡುವಿನ ಭಿನ್ನಾಭಿಪ್ರಾಯವೊಂದರ ಬಗ್ಗೆ 15 ನಿಮಿಷ ಮಾತನಾಡುವುದನ್ನು ಚಿತ್ರೀಕರಿಸಿ, ಮುಂದಿನ 6 ವರ್ಷಗಳಲ್ಲಿ ಯಾರು ಬೇರ್ಪಟ್ಟರೆಂದು ನೋಡಿದಾಗ, ಆ ಸುಳಿವು ಮಾತುಕತೆಯ ಮೊದಲ 3 ನಿಮಿಷಗಳಲ್ಲೇ ಕಾಣುತ್ತಿತ್ತಂತೆ. ದಂಪತಿಗಳ ಕುರಿತಾದ ಅಧ್ಯಯನವನ್ನು ಒಡಹುಟ್ಟಿದವರಿಗೆ ಹಾಗೆಯೇ ಅನ್ವಯಿಸಬಹುದೇ ಎಂಬ ಅನುಮಾನ ನನಗಿತ್ತು. ಆದರೂ ನಮ್ಮ ಹಿಂದಿನ ಮಾತುಕತೆಗಳು ಹೇಗೆ ಶುರುವಾಗುತ್ತಿದ್ದವೆಂದು ನೆನಪಿಸಿಕೊಂಡಾಗ ಅನುಮಾನಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. ‘ಅಮ್ಮನ ಚಿಂತೆ ನಿನಗೆಲ್ಲಿದೆ’ ಎಂದು ಆರಂಭವಾದ ಮಾತಿಗೆ ಎದುರಿನವರು ತಮ್ಮ ಚಿಂತೆಯ ಪುರಾವೆಗಳನ್ನು ಒದಗಿಸುವುದರ ಹೊರತು ಬೇರೇನು ಮಾಡಬಲ್ಲರು? ‘ಅಮ್ಮ ರಾತ್ರಿ ಒಬ್ಬರೇ ಎದ್ದು ಓಡಾಡುವುದನ್ನು ನೆನೆದರೆ ನನಗೆ ಭಯವಾಗುತ್ತದೆ, ಅದರ ಬಗ್ಗೆ ಮಾತನಾಡಬೇಕು’ ಎಂದು ಆರಂಭಿಸಿದರೆ ಕನಿಷ್ಠ ಪಕ್ಷ ಅಮ್ಮನ ರಾತ್ರಿಯ ಬಗ್ಗೆ ಮಾತು ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ನಾನು, ನನಗೆ ಎಂದು ಆರಂಭಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಉಪದೇಶವನ್ನು ಎಲ್ಲರೂ ಕೇಳಿರುತ್ತಾರೆ. ‘ನೀನು ಜವಾಬ್ದಾರಿ ತಪ್ಪಿಸಿಕೊಳ್ಳುತ್ತಿದ್ದೀಯ ಎಂದು ನನಗೆ ಅನಿಸುತ್ತದೆ’ ಎಂಬುದು ನಾನು ಅಲ್ಲಿ ಸಿದ್ಧಪಡಿಸಿಕೊಂಡು ಹೋಗಿದ್ದ ವಾಕ್ಯ. ಸಲಹೆಗಾರರು ಅದನ್ನು ನಯವಾಗಿ ಪಕ್ಕಕ್ಕಿಟ್ಟು, ಅದರಲ್ಲಿ ನನ್ನ ಅನಿಸಿಕೆ ಒಂದೂ ಇಲ್ಲ, ತಮ್ಮನ ಮೇಲಿನ ಆರೋಪ ಮಾತ್ರ ಇದೆ ಎಂದರು. ಭಯ, ಆಯಾಸ, ಬೇಸರ ಎಂಬಂಥ ಯಾವುದಾದರೂ ಒಂದು ಸಂಗತಿ ವಾಕ್ಯದಲ್ಲಿ ಇದೆಯೇ, ಅದು ನನ್ನ ಒಳಗಿನದೇ, ಎಂದು ನೋಡಿಕೊಳ್ಳಬೇಕಂತೆ.

ಮುಂದಿನ ಭೇಟಿಗೆ ಮೊದಲು ಇಬ್ಬರೂ ಪ್ರತ್ಯೇಕವಾಗಿ ಒಂದು ಬರವಣಿಗೆ ಮಾಡಬೇಕಿತ್ತು. ಈ ಜಗಳವನ್ನು, ನಮ್ಮಿಬ್ಬರ ಒಳಿತನ್ನೂ ಬಯಸುವ, ಯಾರ ಪಕ್ಷವನ್ನೂ ವಹಿಸದ ಮೂರನೆಯ ವ್ಯಕ್ತಿಯೊಬ್ಬರು ನೋಡಿದರೆ ಹೇಗೆ ವಿವರಿಸುತ್ತಾರೆ? ಹಾಗೆ ನೋಡಲು ನನಗೆ ಯಾವುದು ಅಡ್ಡಬರುತ್ತದೆ? ಆ ಅಡ್ಡಿಯನ್ನು ದಾಟುವುದು ಹೇಗೆ? ಇಷ್ಟೇ ಪ್ರಶ್ನೆಗಳು, ಸಮಯ 7 ನಿಮಿಷ. ಇದು ಅವರು ಸ್ವತಃ ಕಂಡುಹಿಡಿದ ಅಭ್ಯಾಸವಲ್ಲ. ಈಲೈ ಫಿಂಕೆಲ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದದ್ದು. 120 ದಂಪತಿಗಳನ್ನು 2 ವರ್ಷಗಳ ಕಾಲ ಗಮನಿಸಿದ ಆ ಪ್ರಯೋಗದಲ್ಲಿ ಅರ್ಧದಷ್ಟು ಜೋಡಿಗಳು ಎರಡನೆಯ ವರ್ಷದಲ್ಲಿ ನಾಲ್ಕು ತಿಂಗಳಿಗೊಮ್ಮೆ ಹೀಗೆ ಬರೆದರು. ಬರೆಯದವರ ದಾಂಪತ್ಯದ ತೃಪ್ತಿ ಮೊದಲ ವರ್ಷದಂತೆಯೇ ಎರಡನೆಯ ವರ್ಷವೂ ಇಳಿಯುತ್ತ ಹೋಯಿತು. ಬರೆದವರಲ್ಲಿ ಆ ಇಳಿಕೆ ನಿಂತಿತು. ಜಗಳಗಳ ಸಂಖ್ಯೆ ಕಡಿಮೆಯಾಗದಿದ್ದರೂ ಜಗಳದಿಂದ ಆಗುವ ನೋವು ಕಡಿಮೆಯಾಗಿತ್ತು ಎಂಬುದು ನನ್ನನ್ನು ಸೆಳೆದ ಅಂಶ.

ಬರೆಯಲು ಕುಳಿತಾಗ ಮೊದಲ ನಾಲ್ಕೈದು ಸಾಲುಗಳಲ್ಲಿ ನನ್ನ ಆ ಮೂರನೆಯ ವ್ಯಕ್ತಿ ನನ್ನ ಮಾತನ್ನೇ ಆಡುತ್ತಿದ್ದರು. ಅಕ್ಕನ ಮಾತಿನಲ್ಲಿ ಅನುಭವವಿದೆ, ತಮ್ಮನದು ಭಾವುಕತೆ ಎಂದೆಲ್ಲ ಅವರು ತೀರ್ಮಾನಿಸುತ್ತಿದ್ದರು. ಆದರೆ ಒಬ್ಬ ಹೊರಗಿನವರಿಗೆ ಕಣ್ಣಿಗೆ ಕಾಣುವುದನ್ನು ಮಾತ್ರ ಬರೆಯಬೇಕು ಎಂದುಕೊಂಡು ಮುಂದುವರಿಸಿದಾಗ ಬಂದ ವಾಕ್ಯ ಬೇರೆಯಾಗಿತ್ತು: ಮಧ್ಯರಾತ್ರಿ ಬಂದ ಕರೆಯನ್ನು ಎತ್ತಿದವಳು ಅಕ್ಕ, ಅಂಥ ಇನ್ನೊಂದು ಕರೆ ಬರಬಾರದೆಂಬುದೇ ಅವಳ ಎಲ್ಲ ವಾದಗಳ ಬುಡದಲ್ಲಿರುವುದು. ಅಮ್ಮ ನಮ್ಮಿಬ್ಬರಲ್ಲಿ ಒಬ್ಬರ ಮನೆಯಲ್ಲಿ ಇರಬೇಕು ಎಂಬುದು ಆ ಒಂದು ಭಯಕ್ಕೆ ನಾನು ಕಂಡುಕೊಂಡಿದ್ದ ಒಂದು ಉತ್ತರ ಮಾತ್ರ. ಈ ವಾಕ್ಯವನ್ನು ಎದುರಿಗೆ ಕೂತು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಕಾಗದದ ಮೇಲೆ ಅದು ನನ್ನ ಕೈಬರಹದಲ್ಲೇ ಇತ್ತು.

ಎರಡನೆಯ ಭೇಟಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರಕ್ರಿಯೆಯ ಅತ್ಯಂತ ಪ್ರಯಾಸದ ಭಾಗ ಅದೇ. ಅಂದಿನ ನಿಯಮ ಸರಳವಾಗಿತ್ತು: ಎದುರಿನವರು ಹೇಳಿದ್ದನ್ನು ಅವರಿಗೆ ತೃಪ್ತಿಯಾಗುವಂತೆ ಮರಳಿ ಹೇಳಿದ ನಂತರವೇ ತನ್ನ ಮಾತನ್ನು ಆರಂಭಿಸಬೇಕು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರ ಉಪನ್ಯಾಸವೊಂದರಲ್ಲಿ ಈ ಪ್ರಯೋಗವನ್ನು ಸೂಚಿಸಿ, ಇದು ಕೇಳಲು ಸುಲಭವೆನಿಸಿದರೂ ಮಾಡಿದವರಿಗೆ ಅತ್ಯಂತ ಕಷ್ಟದ ಕೆಲಸವೆಂದು ತಿಳಿಯುತ್ತದೆ ಎಂದು ಎಚ್ಚರಿಸಿದ್ದರು. ಇನ್ನೊಬ್ಬರ ದೃಷ್ಟಿಯನ್ನು ನಿಜವಾಗಿ ಒಳಹೊಕ್ಕು ನೋಡಿದರೆ ನಾವೇ ಬದಲಾಗಿಬಿಡುವ ಅಪಾಯವಿದೆ, ಆದ್ದರಿಂದ ಅದಕ್ಕೆ ಧೈರ್ಯ ಬೇಕು ಎಂಬುದು ಅವರ ವಿವರಣೆ.

ತಮ್ಮ ಅರ್ಧ ನಿಮಿಷ ಮಾತನಾಡಿದ. ಅಮ್ಮ ಆ ಮನೆಯಲ್ಲೇ ಇರಬೇಕು, ಅಲ್ಲಿಂದ ಎಬ್ಬಿಸಿದರೆ ಅವರು ಕುಗ್ಗಿಹೋಗುತ್ತಾರೆ ಎಂಬುದು ಅದರ ಸಾರ. ನಾನು ಅದನ್ನು, ಅಮ್ಮ ಅಲ್ಲೇ ಇದ್ದರೆ ನಿನಗೆ ಅನುಕೂಲ ಎನ್ನುತ್ತಿದ್ದೀಯ, ಎಂದು ಮರಳಿಸಿದೆ. ಅಲ್ಲ ಎಂದ. ಸರಿ, ಅಮ್ಮನಿಗೆ ಆ ಮನೆಯ ಮೇಲೆ ಮೋಹವಿದೆ ಎನ್ನುತ್ತಿದ್ದೀಯ, ಎಂದೆ. ಅದೂ ಅಲ್ಲ ಎಂದ. ಸಲಹೆಗಾರರು ನನಗೆ ಇನ್ನೊಂದು ಅವಕಾಶ ಕೊಡಲಿಲ್ಲ. ಅವನನ್ನೇ ಮತ್ತೆ ಹೇಳಲು ಕೇಳಿದರು. ಆಗ ಅವನು ಅಪ್ಪನ ವಿಷಯವನ್ನು ತರಬಹುದೇ ಎಂದು ನಿಯಮದ ಪ್ರಕಾರ ನನ್ನ ಅನುಮತಿ ಕೇಳಿದ. ನಾನು ತಲೆಯಾಡಿಸಿದೆ. ಚಿಕಿತ್ಸೆಗೆ ಹತ್ತಿರವಾಗಲೆಂದು ಅಪ್ಪನನ್ನು ಕೊನೆಯ ತಿಂಗಳುಗಳಲ್ಲಿ ಅವನ ಮನೆಯಲ್ಲಿ ಇರಿಸಿಕೊಂಡಿದ್ದೆವು. ಮನೆಗೆ ಯಾವಾಗ ಹೋಗುವುದು ಎಂದು ಅಪ್ಪ ದಿನವೂ ಕೇಳುತ್ತಿದ್ದರು, ನಾಳೆ ನಾಡಿದ್ದು ಎಂದು ತಾನು ದಿನವೂ ಸುಳ್ಳು ಹೇಳಬೇಕಾಗುತ್ತಿತ್ತು, ಅಮ್ಮನಿಗೂ ಅದೇ ಸುಳ್ಳನ್ನು ಹೇಳುವ ಶಕ್ತಿ ತನಗಿಲ್ಲ ಎಂದ. ಆ ತಿಂಗಳುಗಳಲ್ಲಿ ನಾನು ಆಗಾಗ ಹೋಗಿ ಬರುತ್ತಿದ್ದವಳು. ದಿನವೂ ಎದುರಿಗಿದ್ದವನು ಅವನು. ಅಪ್ಪ ಹಾಗೆ ಕೇಳುತ್ತಿದ್ದರೆಂಬುದು ನನಗೆ ತಿಳಿದೇ ಇರಲಿಲ್ಲ. ಮೂರನೆಯ ಸಲ ನಾನು ಮರಳಿ ಹೇಳಿದ್ದಕ್ಕೆ ಅವನು ಹೌದು ಎಂದ.

ಗಮನಿಸಬೇಕಾದದ್ದೇನೆಂದರೆ, ಇದಾದ ಮೇಲೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಅಮ್ಮ ಒಬ್ಬರೇ ಇರಬಾರದು ಎಂದೇ ನಾನು ಮುಂದಿನ ಕ್ಷಣದಲ್ಲೂ ನಂಬಿದ್ದೆ. ಅರ್ಥಮಾಡಿಕೊಂಡರೆ ಒಪ್ಪಿದಂತೆ ಎಂದು ಹೆದರಿ ನಾವು ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದನ್ನೇ ತಪ್ಪಿಸುತ್ತಿರುತ್ತೇವೆ. ಇವೆರಡೂ ಬೇರೆ ಬೇರೆ ಎಂಬುದು ಪುಸ್ತಕದಿಂದ ತಿಳಿಯಬಹುದು. ಆದರೆ ಅರ್ಥಮಾಡಿಕೊಂಡೂ ಒಪ್ಪದೆ ಕುಳಿತಿರುವ ಆ ಹೊಸ ಸ್ಥಿತಿಯನ್ನು ಮೈಯಲ್ಲಿ ಅನುಭವಿಸಿದ ಮೇಲೆಯೇ ನನ್ನ ಹೆದರಿಕೆ ಹೋಯಿತು. ಅವನ ಸರದಿ ಬಂದಾಗ ಅವನು ನನ್ನ ಮಾತನ್ನು ಮೊದಲ ಯತ್ನದಲ್ಲೇ ಸರಿಯಾಗಿ ಮರಳಿಸಿದ. ಅದು ನನಗೆ ಸ್ವಲ್ಪ ಕಿರಿಕಿರಿಯನ್ನೂ ಉಂಟುಮಾಡಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಈ ವಿಧಾನವನ್ನು ಯಾಂತ್ರಿಕವಾಗಿ ಮಾಡಿದರೆ ಅದರಷ್ಟು ರೇಗಿಸುವ ಸಂಗತಿ ಇನ್ನೊಂದಿಲ್ಲ. ಮನೆಗೆ ಮರಳಿದ ಮೇಲೆ ನಾನು ಗಂಡನ ಜೊತೆ ಇದನ್ನು ಪ್ರಯೋಗಿಸಿದೆ. ‘ಅಂದರೆ ನೀವು ಹೇಳುತ್ತಿರುವುದು ಏನೆಂದರೆ’ ಎಂದು ನಾನು ಎರಡನೆಯ ಸಲ ಆರಂಭಿಸಿದಾಗ ಅವರು ಎದ್ದು ಹೋದರು. ಹೇಳಿದ ಪದಗಳನ್ನೇ ಒಪ್ಪಿಸುವುದರಿಂದ ಏನೂ ಆಗುವುದಿಲ್ಲ. ಅವರು ಬಾಯಿಬಿಟ್ಟು ಹೇಳದ ಕಾರಣವನ್ನು ಊಹಿಸಿ, ಅದು ಸರಿಯೇ ಎಂದು ಕೇಳಿದಾಗ ಮಾತ್ರ ಎದುರಿನವರ ಮುಖ ಸಡಿಲವಾಗುತ್ತದೆ. ಊಹೆ ತಪ್ಪಾದರೂ ಚಿಂತೆಯಿಲ್ಲ. ತಿದ್ದುವ ಉತ್ಸಾಹದಲ್ಲಿ ಅವರೇ ನಿಜವಾದ ಕಾರಣವನ್ನು ಹೇಳುತ್ತಾರೆ.

ನಿಲ್ಲಿಸುವ ನಿಯಮವನ್ನು ಮೊದಲು ಬಳಸಿದವನು ತಮ್ಮ. ಖರ್ಚಿನ ವಿಷಯ ಬಂದಾಗ ಅವನ ಮುಖ ಬಿಗಿಯಿತು. ಅರ್ಧ ಗಂಟೆ ಬೇಕು, ಆಮೇಲೆ ಇಲ್ಲೇ ಕೂರುತ್ತೇನೆ ಎಂದು ಹೇಳಿ ಹೊರಗೆ ನಡೆದ. ಹಿಂದೆಲ್ಲ ಅವನು ಸುಮ್ಮನಾದಾಗ ನಾನು ಅದನ್ನು ಉದಾಸೀನವೆಂದೇ ತಿಳಿಯುತ್ತಿದ್ದೆ. ಜಗಳದ ನಡುವೆ ಹೀಗೆ ಬಾಯಿ ಮುಚ್ಚಿಕೊಳ್ಳುವವರ ಎದೆಬಡಿತ ಬಹಳಷ್ಟು ಸಲ ನಿಮಿಷಕ್ಕೆ 100ನ್ನು ದಾಟಿರುತ್ತದೆ, ಹೊರಗೆ ಶಾಂತವಾಗಿ ಕಂಡರೂ ದೇಹ ಅಪಾಯವನ್ನು ಎದುರಿಸುವ ಸ್ಥಿತಿಯಲ್ಲಿರುತ್ತದೆ, ಆಗ ಹೊಸ ವಿಷಯವನ್ನು ಗ್ರಹಿಸುವ ಸಾಮರ್ಥ್ಯವೇ ಕುಗ್ಗಿರುತ್ತದೆ ಎಂಬುದು ಗಾಟ್‌ಮನ್ ಅವರ ಪ್ರಯೋಗಾಲಯದಲ್ಲಿ ಕಂಡ ಸಂಗತಿ. ದೇಹ ಹದಕ್ಕೆ ಬರಲು ಕನಿಷ್ಠ 20 ನಿಮಿಷವಾದರೂ ಬೇಕು ಎನ್ನುತ್ತಾರೆ. ನಾನು ಅವನ ಮೌನದ ಮೇಲೆ ಮಾತು ಸುರಿಯುತ್ತಿದ್ದದ್ದು ಕೇಳಿಸಿಕೊಳ್ಳಲಾಗದ ಹೊತ್ತಿನಲ್ಲಿ. ಮರಳುವ ಸಮಯವನ್ನು ಹೇಳಿ ಹೋದದ್ದರಿಂದ ನನಗೂ ಅವನನ್ನು ಬೆನ್ನಟ್ಟುವ ಅಗತ್ಯ ಕಾಣಲಿಲ್ಲ. ಈ ಒಂದು ಸಣ್ಣ ಷರತ್ತು ಇಲ್ಲದಿದ್ದರೆ ವಿರಾಮವೆಂಬುದು ಓಡಿಹೋಗುವುದಕ್ಕೆ ಇನ್ನೊಂದು ಹೆಸರಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ಏನು ಮಾಡಬಾರದು ಎಂಬುದು ನನಗೆ ಸಂಬಂಧಿಸಿದ ಪಾಠ. ಜಗಳವಾದ ಕೂಡಲೇ ಗೆಳತಿಯೊಬ್ಬಳಿಗೆ ಕರೆಮಾಡಿ ಎಲ್ಲವನ್ನೂ ಹೇಳಿ ಹಗುರಾಗುವುದು ನನ್ನ ಪದ್ಧತಿಯಾಗಿತ್ತು. ಹಗುರಾಗುತ್ತಿದ್ದದ್ದು ನಿಜವೇ ಎಂಬುದರ ಬಗ್ಗೆ ಈಗ ನನಗೆ ಸಂದೇಹವಿದೆ. ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ವಿದ್ಯಾರ್ಥಿಗಳಿಗೆ ಸಿಟ್ಟು ಬರುವಂತೆ ಮಾಡಿ, ಕೆಲವರಿಗೆ ಸಿಟ್ಟು ಬರಿಸಿದವರನ್ನೇ ನೆನೆಯುತ್ತ ಮರಳಿನ ಚೀಲವನ್ನು ಗುದ್ದಲು ಹೇಳಿದರು, ಕೆಲವರಿಗೆ ವ್ಯಾಯಾಮವೆಂದು ಭಾವಿಸಿ ಗುದ್ದಲು ಹೇಳಿದರು, ಉಳಿದವರನ್ನು ಸುಮ್ಮನೆ ಕೂರಿಸಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತ ಗುದ್ದಿದವರ ಸಿಟ್ಟೇ ಎಲ್ಲರಿಗಿಂತ ಹೆಚ್ಚಿತ್ತು, ಆಕ್ರಮಣಶೀಲತೆಯಲ್ಲಿ ಸುಮ್ಮನೆ ಕೂತವರು ಎಲ್ಲರಿಗಿಂತ ಹಿಂದಿದ್ದರು. ನನ್ನ ಗೆಳತಿಗೆ ನಾನು ಮಾಡುತ್ತಿದ್ದ ಕರೆಗಳು ಬಹುಮಟ್ಟಿಗೆ ಮುಂದಿನ ಸುತ್ತಿನ ತಾಲೀಮುಗಳಾಗಿದ್ದವು. ಈಗಲೂ ಅವಳಿಗೆ ಕರೆಮಾಡುತ್ತೇನೆ, ವಿರಾಮದ ಹೊತ್ತಿನಲ್ಲಲ್ಲ.

ನಡುನಡುವೆ ನಾವು ಬರೆದ ಸಂದೇಶಗಳು ಕೂಡ ತೊಂದರೆ ಕೊಡುತ್ತಿದ್ದವು. ‘ಸರಿ, ನಿನ್ನ ಇಷ್ಟ’ ಎಂದು ಅವನು ಮೊಬೈಲಿನಲ್ಲಿ ಕಳಿಸಿದರೆ ನಾನು ಅದನ್ನು ಕೊಂಕಿನ ದನಿಯಲ್ಲಿ ಓದುತ್ತಿದ್ದೆ. ಇ-ಮೇಲ್ ಬರೆಯುವವರು ತಮ್ಮ ದನಿ ಓದುವವರಿಗೆ ತಲುಪುತ್ತದೆ ಎಂದು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ನಂಬುತ್ತಾರೆಂದು ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮುಂತಾದವರು 2005ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಔಷಧಿ, ವೈದ್ಯರ ಸಮಯ, ಖರ್ಚಿನ ವಿವರ ಇಂಥವಕ್ಕೆ ಮಾತ್ರ ಸಂದೇಶ. ಒಪ್ಪಿಗೆಯಿಲ್ಲದ ವಿಷಯವಾದರೆ ಕರೆ ಅಥವಾ ಭೇಟಿ ಎಂಬ ಇನ್ನೊಂದು ಸಾಲನ್ನು ಹಾಳೆಗೆ ಸೇರಿಸಿಕೊಂಡೆವು.

ಮೂರನೆಯ ಭೇಟಿಯ ಹೊತ್ತಿಗೆ ಅಮ್ಮನ ವಿಷಯ ನಿಜವಾಗಿ ಚರ್ಚೆಗೆ ಬಂತು. ನಮ್ಮ ಜಗಳದ ಒಂದು ಭಾಗ ಜಗಳವಾಡುವಂಥದ್ದೇ ಅಲ್ಲ ಎಂದು ತಿಳಿದದ್ದು ಅಂದು. ಅಮ್ಮ ಮತ್ತೆ ಆಸರೆಯಿಲ್ಲದೆ ನಡೆಯಬಲ್ಲರೇ ಎಂಬುದರ ಮೇಲೆ ನಾವು ಎಷ್ಟೋ ಸಲ ವಾದಿಸಿದ್ದೆವು. ಅದನ್ನು ಹೇಳಬೇಕಾದವರು ಫಿಸಿಯೋಥೆರಪಿಸ್ಟ್. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಇತರರಿಗಿಂತ ಹೆಚ್ಚು ಎಂಬುದು ನನ್ನ ಪರವಾದ ಸಂಗತಿ. ಹಿಡಿಕಂಬಿ, ರಾತ್ರಿ ದೀಪ, ಜಾರುವ ಚಾಪೆಗಳನ್ನು ತೆಗೆಯುವುದು, ಸಮತೋಲನದ ವ್ಯಾಯಾಮ ಇವುಗಳಿಂದ ಆ ಸಂಭವವನ್ನು ತಗ್ಗಿಸಬಹುದು ಎಂಬುದು ಅವನ ಪರವಾದ ಸಂಗತಿ. ಎರಡನ್ನೂ ಕೇಳಿ ತಿಳಿದು ಬಂದ ಮೇಲೆ ಉಳಿದದ್ದು ಎಷ್ಟು ಅಪಾಯವನ್ನು ಸಹಿಸಬಹುದು ಎಂಬ ಪ್ರಶ್ನೆ ಮಾತ್ರ. ಅದಕ್ಕೆ ಉತ್ತರ ಕೊಡಬಲ್ಲ ತಜ್ಞರು ಯಾರೂ ಇಲ್ಲ.

ಆಗ ಸಲಹೆಗಾರರು ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿಯ ಉದಾಹರಣೆಯೊಂದನ್ನು ಹೇಳಿದರು. 1925ರ ಸುಮಾರಿಗೆ ಸಂಘರ್ಷವನ್ನು ಕುರಿತು ಉಪನ್ಯಾಸ ಕೊಟ್ಟವರು ಅವರು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯೊಂದರಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಫಾಲೆಟ್ ಅವರಿಗೆ ಮುಚ್ಚಬೇಕಿತ್ತು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಅವರಿಗೆ ಬೇಕಾಗಿದ್ದದ್ದು ಗಾಳಿ, ಈಕೆಗೆ ಬೇಡವಾಗಿದ್ದದ್ದು ಮೈಮೇಲೆ ನೇರವಾಗಿ ಬೀಸುವ ಚಳಿಗಾಳಿ. ಇಬ್ಬರಲ್ಲಿ ಯಾರೂ ಅರ್ಧ ಬಿಟ್ಟುಕೊಡಬೇಕಾಗಿ ಬರಲಿಲ್ಲ. ಈ ಕಥೆಯನ್ನು ಕೇಳಿ ನನಗೆ ಮೊದಲು ಸಿಟ್ಟೇ ಬಂತು. ಎಲ್ಲ ಮನೆಗಳಿಗೂ ಪಕ್ಕದ ಕೋಣೆ ಇರುವುದಿಲ್ಲ. ಆಮೇಲೆ ಹುಡುಕಿ ಓದಿದಾಗ ಫಾಲೆಟ್ ಅವರೇ ಇದನ್ನು ಒಪ್ಪಿಕೊಂಡಿರುವುದು ಕಂಡಿತು. ಇಬ್ಬರು ಗಂಡುಮಕ್ಕಳಿಗೂ ಹಳೆಯ ಮನೆಯೇ ಬೇಕೆಂದಾಗ ಇಂಥ ಪರಿಹಾರ ಹಲವು ಸಲ ಸಾಧ್ಯವಾಗುವುದಿಲ್ಲ ಎಂದು ಅದೇ ಉಪನ್ಯಾಸದಲ್ಲಿ ಹೇಳಿದ್ದಾರೆ. ಆ ಪ್ರಾಮಾಣಿಕತೆಯಿಂದಾಗಿ ಅವರ ಉಳಿದ ಮಾತಿನ ಮೇಲೆ ನನಗೆ ವಿಶ್ವಾಸ ಹೆಚ್ಚಿತು.

ನಮ್ಮ ವಿಷಯದಲ್ಲಿ ಪಕ್ಕದ ಕೋಣೆ ಇತ್ತೋ ಇಲ್ಲವೋ, ಅದನ್ನು ಹುಡುಕಲು ಬೇಕಾದ ಮೂರನೆಯ ವ್ಯಕ್ತಿಯನ್ನೇ ನಾವು ಬಿಟ್ಟಿದ್ದೆವು. ‘ಅಮ್ಮ ಏನು ಹೇಳುತ್ತಾರೆ?’ ಎಂದು ಸಲಹೆಗಾರರು ಕೇಳಿದಾಗ ನಾವಿಬ್ಬರೂ ಏಕಕಾಲಕ್ಕೆ ಉತ್ತರಿಸಿದೆವು, ಎರಡು ಬೇರೆ ಬೇರೆ ಉತ್ತರಗಳನ್ನು. ಮುಂದಿನ ಸಲ ಅವರನ್ನೂ ಕರೆದುಕೊಂಡು ಬರುವುದೆಂದಾಯಿತು. ಅಮ್ಮ ಬಂದು ಕುಳಿತು, ಪಕ್ಕದ ಕೋಣೆಯಲ್ಲಿ ನಾವು ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದದ್ದೆಲ್ಲ ತಮಗೆ ಕೇಳಿಸುತ್ತಿತ್ತು ಎಂಬುದನ್ನು ಮೊದಲು ಹೇಳಿದರು. ನಂತರ ಹೇಳಿದ್ದು ನಮ್ಮಿಬ್ಬರ ಊಹೆಗೂ ಹೊರಗಿತ್ತು. ಆ ಮನೆಯ ಗೋಡೆಗಳ ಬಗ್ಗೆ ಅವರಿಗೆ ತಮ್ಮ ಅಂದುಕೊಂಡಷ್ಟು ಮಮಕಾರವಿರಲಿಲ್ಲ. ಎಷ್ಟು ಹೊತ್ತಿಗೆ ಏಳುವುದು, ಯಾರನ್ನು ಒಳಗೆ ಕರೆಯುವುದು, ದೀಪ ಯಾವಾಗ ಆರಿಸುವುದು ಎಂಬುದನ್ನು ತಾವೇ ನಿರ್ಧರಿಸಬೇಕೆಂಬುದು ಅವರಿಗೆ ಮುಖ್ಯವಾಗಿತ್ತು. ನನ್ನ ಮನೆಯಲ್ಲಾಗಲಿ ಅವನ ಮನೆಯಲ್ಲಾಗಲಿ ಅದು ಸಾಧ್ಯವಿಲ್ಲ ಎಂದು ಮುಲಾಜಿಲ್ಲದೆ ಹೇಳಿದರು. ಅದೇ ಹೊತ್ತಿಗೆ, ಬಿದ್ದ ರಾತ್ರಿ ಫೋನಿನವರೆಗೆ ತೆವಳಿಕೊಂಡು ಹೋದದ್ದನ್ನು ತಾವೂ ಮರೆತಿಲ್ಲ, ರಾತ್ರಿ ಒಬ್ಬರೇ ಇರಲು ತಮಗೂ ಧೈರ್ಯವಿಲ್ಲ ಎಂದರು. ಇಷ್ಟನ್ನು ಅವರು ನಮ್ಮಿಬ್ಬರಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದು ಒಬ್ಬರ ಪರವಾದ ಸಾಕ್ಷಿಯಾಗಿಬಿಡುತ್ತಿತ್ತು ಎಂಬುದು ಅವರು ಕೊಟ್ಟ ಕಾರಣ.

ಆ ಮೇಲೆ ವ್ಯವಸ್ಥೆಯನ್ನು ರೂಪಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಮ್ಮ ಅವರ ಮನೆಯಲ್ಲೇ, ರಾತ್ರಿ ಸಹಾಯಕಿ, ಅವರನ್ನು ಆರಿಸುವುದು ಅಮ್ಮ, ಹಗಲು ಯಾರೂ ಕಾವಲಿಲ್ಲ, ಕುತ್ತಿಗೆಗೆ ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಗುಂಡಿ, ಸ್ನಾನದ ಕೋಣೆಗೆ ಹಿಡಿಕಂಬಿಗಳು. ಇದನ್ನು ಶಾಶ್ವತವೆನ್ನದೆ ಪ್ರಯೋಗವೆಂದು ಬರೆದು, ಮತ್ತೆ ಕೂತು ನೋಡುವ ದಿನವನ್ನು ಗುರುತು ಹಾಕಿದೆವು. ಎಂಥ ಘಟನೆ ನಡೆದರೆ ಈ ವ್ಯವಸ್ಥೆಯನ್ನು ಆ ದಿನಕ್ಕಿಂತ ಮೊದಲೇ ಬದಲಿಸಬೇಕು ಎಂಬುದನ್ನೂ ಮುಂಚೆಯೇ ಬರೆದದ್ದು ನನ್ನ ಒತ್ತಾಯದಿಂದ: ಇನ್ನೊಮ್ಮೆ ಬಿದ್ದರೆ, ಔಷಧಿಯನ್ನು ಪದೇಪದೇ ಮರೆತರೆ, ಸಹಾಯಕಿ ಬಿಟ್ಟುಹೋಗಿ ಬೇರೆಯವರು ಸಿಗದಿದ್ದರೆ. ಸಿಟ್ಟಿಲ್ಲದ ಹೊತ್ತಿನಲ್ಲಿ ಹೀಗೆ ಬರೆದಿಟ್ಟುಕೊಂಡದ್ದು ನನಗೆ ಕೊಟ್ಟ ನೆಮ್ಮದಿಯನ್ನು ಅಮ್ಮನನ್ನು ಮನೆಗೆ ಕರೆತಂದಿದ್ದರೂ ಪಡೆಯುತ್ತಿದ್ದೆನೋ ಇಲ್ಲವೋ. ನಿರ್ಧಾರ ತಪ್ಪಾದರೆ ಅದನ್ನು ತಿದ್ದುವ ದಾರಿ ಗೊತ್ತಿರುವಾಗ ಇನ್ನೊಬ್ಬರ ಮಾತನ್ನು ಒಮ್ಮೆ ನಡೆಸಿಕೊಡುವುದು ಅಷ್ಟು ಕಷ್ಟವಲ್ಲ.

ಈ ಎಲ್ಲ ಕಟ್ಟಳೆಗಳೂ ಎಲ್ಲ ಸಂಬಂಧಗಳಿಗೂ ಒಗ್ಗುತ್ತವೆ ಎಂದು ನಾನು ಹೇಳಲಾರೆ. ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆದರುವಲ್ಲಿ, ಹೊಡೆತ ಬಡಿತ ಇರುವಲ್ಲಿ, ಒಳಗಿನ ಭಯವನ್ನು ಎದುರಿಗೆ ಕೂತು ಹೇಳಿ ಎನ್ನುವುದು ಅಪಾಯಕಾರಿ ಸಲಹೆ. ಅಲ್ಲಿ ಬೇಕಾದದ್ದು ರಕ್ಷಣೆ, ಸಂವಾದವಲ್ಲ. ನಮ್ಮ ಸಲಹೆಗಾರರು ಮೊದಲ ಭೇಟಿಗೂ ಮುಂಚೆ ನಮ್ಮಿಬ್ಬರಿಗೂ ಬೇರೆ ಬೇರೆಯಾಗಿ ಕರೆಮಾಡಿ ಅದನ್ನೇ ವಿಚಾರಿಸಿದ್ದರು. ಆಗ ಅದು ಅನಗತ್ಯ ಕುತೂಹಲವೆನಿಸಿತ್ತು. ಇನ್ನು ಕಚೇರಿಯಂಥ ಕಡೆ ಸಹಿ ಹಾಕಿದ ಹಾಳೆಯನ್ನು ಹಿಡಿದು ಹೋಗಲಾಗದು. ಅಲ್ಲಿ ನಾನು ಉಳಿಸಿಕೊಂಡಿರುವುದು ಮೊದಲ ವಾಕ್ಯದ ಎಚ್ಚರ ಮತ್ತು ವಾಸ್ತವಾಂಶವನ್ನು ಅಭಿಪ್ರಾಯದಿಂದ ಬೇರ್ಪಡಿಸುವುದು, ಇವೆರಡನ್ನೇ.

ತಮ್ಮನೂ ನಾನೂ ಇಂದಿಗೂ ಹಲವು ವಿಷಯಗಳಲ್ಲಿ ಒಪ್ಪುವುದಿಲ್ಲ. ಅಪಾಯ ಕಂಡರೆ ಬಾಗಿಲು ಮುಚ್ಚುವ ಸ್ವಭಾವ ನನ್ನದು, ಸ್ವಲ್ಪ ತೆರೆದಿಟ್ಟು ನೋಡುವ ಸ್ವಭಾವ ಅವನದು. ದಂಪತಿಗಳ ನಡುವಿನ ತಕರಾರುಗಳಲ್ಲಿ ಸುಮಾರು 69 ಶೇಕಡಾ ಎಂದೂ ಪೂರ್ತಿಯಾಗಿ ಬಗೆಹರಿಯದಂಥವು, ಸ್ವಭಾವದ ವ್ಯತ್ಯಾಸದಿಂದ ಹುಟ್ಟಿದವು ಎಂದು ಗಾಟ್‌ಮನ್ ಅಂದಾಜು ಮಾಡಿದ್ದಾರೆ. ಒಡಹುಟ್ಟಿದವರ ಲೆಕ್ಕವನ್ನು ಯಾರಾದರೂ ತೆಗೆದಿದ್ದಾರೋ ಕಾಣೆ, ತೆಗೆದರೆ ಅದು ಇನ್ನೂ ಹೆಚ್ಚೇ ಬರಬಹುದೆಂದು ನನ್ನ ಅನುಮಾನ. ಕಳೆದ ಸಲ ಮತ್ತೆ ಕೂತು ನೋಡುವ ದಿನ ಬಂದಾಗ ಚರ್ಚೆಯ ವಿಷಯವನ್ನು ಸೂಚಿಸಿದವರು ಅಮ್ಮ: ರಾತ್ರಿಯ ಸಹಾಯಕಿ ಇನ್ನು ಬೇಡ, ತಾವೊಬ್ಬರೇ ಇರಬಲ್ಲೆವು ಎಂಬುದು ಅವರ ವಾದ. ಇದಕ್ಕೆ ನಾನು ಒಪ್ಪಲಿಲ್ಲ, ಈ ಬಾರಿ ತಮ್ಮನೂ ಒಪ್ಪಲಿಲ್ಲ. ಅಮ್ಮ ಹಳೆಯ ಹಾಳೆಯನ್ನು ತರಿಸಿ, ಮೊದಲು ತಾವು ಹೇಳಿದ್ದನ್ನು ಮರಳಿ ಹೇಳಿ ಎಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ನಾವಿಬ್ಬರೂ ಒಂದೊಂದು ಯತ್ನ ಮಾಡಿದೆವು. ಎರಡಕ್ಕೂ ಅವರು ಅಲ್ಲ ಎಂದರು, ಮತ್ತು ಮುಂದಿನ ಭಾನುವಾರ ಸಂಜೆ ಮುಂದುವರಿಸೋಣ ಎಂದು ಸಮಯ ಹೇಳಿ ಎದ್ದರು.